ಕೆಂಪಿನೊಳಗೆ ಒಂದೆಳೆ ನೀಲಿ

ಬಲಗಣ್ಣಿನ ಪಟ್ಟಿ ಬಿಚ್ಚಿದಾಗ ಕಣ್ಣಕ್ಕ ಆಡಿದ ಮೊದಲ ಮಾತು, "ರೀ, ಅಂಗಿಗೆ ಇಷ್ಟೊಂದು ನೀಲಿ ಯಾಕೆ ಹಾಕಿದ್ರಿ?"

ಎದುರಿಗೆ ನಿಂತಿದ್ದ ಗಂಡ ತಬ್ಬಿಬ್ಬಾದ. ಅವನು ದರ್ಜಿ. ತಾನೇ ಹೊಲಿದು, ತಾನೇ ಒಗೆದು, ಆಸ್ಪತ್ರೆಗೆ ಮರ್ಯಾದೆಯಾಗಿ ಹೋಗಬೇಕೆಂದು ಬೆಳಿಗ್ಗೆ ತಾನೇ ಇಸ್ತ್ರಿ ಮಾಡಿಕೊಂಡು ಬಂದಿದ್ದ ಬಿಳಿ ಅಂಗಿ ಅದು. "ನೀಲಿ ಬಾಟ್ಲಿ ಖಾಲಿಯಾಗಿ ಆರು ತಿಂಗಳಾಯ್ತಲ್ಲೇ" ಎಂದ.

ಕಣ್ಣಿನ ಡಾಕ್ಟರು ನಕ್ಕರು. ಪೊರೆ ಎಂದರೆ ಬರೀ ಮಬ್ಬಲ್ಲ, ಅದು ವರ್ಷಗಟ್ಟಲೆ ನಿಧಾನವಾಗಿ ಹಳದಿಗಟ್ಟುತ್ತಾ ಹೋಗುತ್ತದೆ, ನೀಲಿಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ, ಇಂಚಿಂಚಾಗಿ ಆಗುವುದರಿಂದ ನೋಡುವವರಿಗೆ ಗೊತ್ತೇ ಆಗುವುದಿಲ್ಲ ಎಂದು ಬಿಡಿಸಿ ಹೇಳಿದರು. "ಈಗ ನೀವು ನೋಡ್ತಿರೋದೇ ನಿಜವಾದ ಬಿಳಿ. ಎಡಗಣ್ಣು ಮುಂದಿನ ತಿಂಗಳು ಮಾಡೋಣ. ಅಲ್ಲಿವರೆಗೂ ಎರಡು ಕಣ್ಣಿಗೂ ಸ್ವಲ್ಪ ಜಗಳ ಇರುತ್ತೆ, ಸಹಿಸ್ಕೊಳ್ಳಿ."

ಕಣ್ಣಕ್ಕನಿಗೆ ಮೊದಮೊದಲು ಅದು ಆಟವೇ ಆಯಿತು. ಬಲಗಣ್ಣು ಮುಚ್ಚಿದರೆ ಗಂಡನ ಅಂಗಿ ಟೀ ಸೋಸಿದ ಬಟ್ಟೆಯಂತೆ, ಎಡಗಣ್ಣು ಮುಚ್ಚಿದರೆ ಹಾಲಿನಂತೆ. ಗಂಡನ ಮೀಸೆಗೆ ಹಚ್ಚಿದ ಕಪ್ಪು ಬುಡದಲ್ಲಿ ಬಿಟ್ಟುಹೋಗಿರುವುದೂ ಕಂಡಿತು. ಅದನ್ನು ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ, ನಾಲ್ಕು ಜನರ ಎದುರಿಗೇ ಹೇಳಿದಳು. "ಆಪರೇಷನ್ ಮಾಡಿಸಿದ್ದು ನಾನೇ, ಅನುಭವಿಸ್ಬೇಕಾದವನೂ ನಾನೇ" ಎಂದು ಅವನು ಆಟೋ ಕರೆದ.

ನಗು ನಿಂತದ್ದು ರಸ್ತೆಯ ತಿರುವಿನಲ್ಲಿ. ಅಲ್ಲಿ ನೀರಿನ ಕೊಳವೆಯ ಮೂತಿಯೊಂದು ನೆಲದಿಂದ ಮೇಲೆದ್ದು ನಿಂತಿತ್ತು, ಬೆಂಕಿ ಬಿದ್ದಾಗ ನೀರು ತೆಗೆಯಲೆಂದು ಇಟ್ಟದ್ದು, ಪೂರಾ ಕೆಂಪು ಬಳಿದದ್ದು. ಕಣ್ಣಕ್ಕ ಆಟದ ಗುಂಗಿನಲ್ಲೇ ಬಲಗಣ್ಣು ಮುಚ್ಚಿದಳು: ಒಂದು ಕೆಂಪು. ಎಡಗಣ್ಣು ಮುಚ್ಚಿದಳು: ಇನ್ನೊಂದು ಕೆಂಪು. ಎರಡನೆಯದು ಹೆಚ್ಚು ತಂಪು, ಹೆಚ್ಚು ಆಳ. ಎದೆ ಧಸಕ್ಕೆಂದಿತು. ಆಟೋ ಮುಂದೆ ಹೋದರೂ ಅವಳ ಕತ್ತು ಹಿಂದಕ್ಕೇ ತಿರುಗಿತ್ತು.

ಒಂದು ಕೊಳವೆ ಕಂಡು ಹೆಂಗಸೊಬ್ಬಳು ಹೀಗೇಕೆ ಬೆಚ್ಚಿದಳು ಎಂದು ತಿಳಿಯಬೇಕಾದರೆ ಕಣ್ಣಕ್ಕ ಯಾರು ಎಂದು ಹೇಳಲೇಬೇಕು. ಅವಳು ಪೇಂಟ್ ಕಾರ್ಖಾನೆಯಲ್ಲಿ ಬಣ್ಣ ನೋಡುವ ಕೋಣೆಯ ಯಜಮಾನಿ. ಅಲ್ಲಿ ಮ್ಯಾನೇಜರುಗಳು ಬಂದರು, ಹೋದರು. ಅಕ್ಕ ಮಾತ್ರ ಬೂದು ಬಣ್ಣದ ಗೋಡೆಗಳ ಆ ಕೋಣೆಯಲ್ಲಿ, ಉತ್ತರದ ಕಿಟಕಿಯ ಪಕ್ಕದ ಎತ್ತರದ ಸ್ಟೂಲಿನ ಮೇಲೆ, ಕೂತಲ್ಲೇ ಕೂತಿದ್ದಳು. ಮಿಲ್ಲಿನಲ್ಲಿ ಅರೆದು, ತೊಟ್ಟಿಯಲ್ಲಿ ಕೂಡಿಸಿದ ಬಣ್ಣದಿಂದ ಒಂದು ಲೋಟ ಅವಳ ಮುಂದೆ ಬರಬೇಕು. ಅವಳು ಅದನ್ನು ಅಂಗೈಯಗಲದ ತಗಡಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟ ಮೂಲ ತಗಡಿನ ಪಕ್ಕ ಹಿಡಿದು ನೋಡಬೇಕು. "ಹೂಂ, ತುಂಬಿ" ಎಂದರೆ ಮಾತ್ರ ಬಣ್ಣ ಡಬ್ಬಕ್ಕೆ. ತಗಡಿನ ಹಿಂದೆ ತಾರೀಖು, ತೊಟ್ಟಿಯ ನಂಬರು ಬರೆದು ಬೀರುವಿಗೆ. ಇಪ್ಪತ್ತೆಂಟು ವರ್ಷದಲ್ಲಿ, ಬಣ್ಣ ಹೊಂದಲಿಲ್ಲವೆಂದು ಒಂದೇ ಒಂದು ಡಬ್ಬ ವಾಪಸ್ ಬಂದಿರಲಿಲ್ಲ. ಈ ಒಂದು ಸಂಗತಿ ಅವಳ ಒಡವೆ, ಆಸ್ತಿ, ಜಂಬ, ಎಲ್ಲವೂ. ಅಡುಗೆಗೆ ಉಪ್ಪು ಜಾಸ್ತಿಯಾಯಿತೆಂದು ಗಂಡ ಗೊಣಗಿದರೂ ಉತ್ತರ ಅದೇ: "ಇಪ್ಪತ್ತೆಂಟು ವರ್ಷದಲ್ಲಿ ನನ್ನ ಒಂದು ಡಬ್ಬ ವಾಪಸ್ ಬಂದಿಲ್ಲ, ಗೊತ್ತಾ?"

ಅದರಲ್ಲೂ ಕೆಂಪು. ಕೆಂಪೆಂದರೆ ಅವಳಿಗೆ ಪ್ರಾಣ. ಅವಳು ಕೆಲಸಕ್ಕೆ ಸೇರಿದ ಕಾಲದ ಕೆಂಪುಗಳ ಕಥೆ ಕೇಳಿದರೆ ನಗು ಬರುತ್ತದೆ. ಒಂದು ಕೆಂಪು ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಸಪ್ಪೆ ಗುಲಾಬಿಯಾಗಿ ಅಂಗಡಿ ಬೋರ್ಡಿನ ಅಕ್ಷರಗಳನ್ನೇ ನುಂಗಿಬಿಡುತ್ತಿತ್ತು. ಇನ್ನೊಂದು ನೋಡಲು ಚೆಂದ, ಆದರೆ ಅದರ ಮೇಲೆ ಬಿಳಿ ಬಳಿದರೆ ಮಾರನೆಯ ದಿನ ಬಿಳಿಯೊಳಗಿಂದ ಇಣುಕಿ, ಗೋಡೆಗೆ ನಾಚಿಕೆಯಾದಂತೆ ಮಾಡುತ್ತಿತ್ತು. ಮತ್ತೊಂದು ಗಟ್ಟಿ ಕುಳ, ಆದರೆ ಸೀಸದ್ದು, ಅರೆಯುವವರ ಮೈಗೆ ವಿಷ. ಆಮೇಲೆ ಬಂತು ಈ ಕೆಂಪು. ನೆಲದಡಿಯ ಕಚ್ಚಾ ಎಣ್ಣೆಯಿಂದ ತೆಗೆದ ಸರಕನ್ನು ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಕುದಿಸಿ, ಸೋಸಿ, ತೊಳೆದು, ಒಣಗಿಸಿ ಮನುಷ್ಯರೇ ಕಟ್ಟಿದ ಪುಡಿ. ಚೀಲ ಬಿಚ್ಚಿದರೆ ಮೈದಾ ಹಿಟ್ಟಿನ ಹಾಗೆ ಗಾಳಿಗೆ ಏಳುತ್ತದೆ. ಸೀನಿದರೆ ಕರ್ಚೀಫು ಕೆಂಪು, ಮಿಲ್ಲಿನ ಮೇಸ್ತ್ರಿಯ ಕಿವಿಯ ಹಿಂದೆ ವರ್ಷವಿಡೀ ಕೆಂಪು. ಒಂದು ಚಮಚ ಸಾಕು, ಒಂದು ಬಕೆಟ್ ಬಿಳಿಯನ್ನು ಗುಲಾಬಿ ಮಾಡಲು. ಒಂದೇ ಕೈ ಬಳಿದರೆ ಅಡಿಯಲ್ಲಿದ್ದ ಕಪ್ಪೂ ಕಾಣುವುದಿಲ್ಲ. ಒಲೆಯಲ್ಲಿಟ್ಟು ಕಾಯಿಸಿದರೂ ಮುಖ ಸಪ್ಪೆ ಮಾಡುವುದಿಲ್ಲ, ಮೇಲೆ ಬಳಿದ ಬಿಳಿಯೊಳಗೆ ಇಣುಕುವುದಿಲ್ಲ, ಮೀನುಗಾರರ ದೋಣಿಗೆ ಬಳಿದರೆ ಉಪ್ಪುನೀರಿಗೂ ಜಗ್ಗುವುದಿಲ್ಲ. ಕಾರ್ಖಾನೆಯ ಮಾಳಿಗೆಯ ಮೇಲೆ ಬಿಸಿಲಿಗೆ ಮುಖ ಮಾಡಿ ಕಟ್ಟಿದ ತಗಡೊಂದು ಹನ್ನೊಂದು ವರ್ಷದಿಂದ ಹಾಗೇ ಇದೆ, ನಿನ್ನೆ ಬಳಿದ ಹಾಗೆ. "ಮನುಷ್ಯನ ಕೈಯಲ್ಲಿ ಆದ ಒಳ್ಳೇ ಕೆಲಸ ಏನಾದ್ರೂ ಇದ್ರೆ ಇದೇ" ಎಂದು ಅವಳು ಹೇಳುವುದನ್ನು ಕೇಳಿ ಕೇಳಿ ಗಂಡನಿಗೆ ಬಾಯಿಪಾಠವಾಗಿತ್ತು.

ಇಷ್ಟೆಲ್ಲ ಗುಣವಿದ್ದರೂ ಅದಕ್ಕೊಂದು ಚೇಷ್ಟೆಯುಂಟು. ಒಂದೊಂದು ಸಲ ಬರುವ ಪುಡಿ ಒಂದೊಂದು ಕಡೆಗೆ ವಾಲುತ್ತದೆ. ಒಮ್ಮೆ ಕಿತ್ತಳೆಯ ಕಡೆಗೆ ಒಂದೆಳೆ, ಒಮ್ಮೆ ನೀಲಿಯ ಕಡೆಗೆ ಒಂದೆಳೆ. ಆ ಎಳೆಯನ್ನು ಹಿಡಿಯುವುದೇ ಕಣ್ಣಕ್ಕನ ಕೆಲಸ, ಅದಕ್ಕೇ ಅವಳಿಗೆ ಆ ಹೆಸರು. ಈಗ ಡಾಕ್ಟರು ಏನೆಂದರು? ಪೊರೆ ನೀಲಿಯನ್ನು ಬಾಗಿಲಲ್ಲೇ ತಡೆಯುತ್ತದೆ. ವರ್ಷಗಟ್ಟಲೆ. ನೋಡುವವರಿಗೆ ಗೊತ್ತೇ ಆಗುವುದಿಲ್ಲ.

"ಹಾಗಾದ್ರೆ ಇಷ್ಟು ವರ್ಷ ನಾನು ನೋಡಿದ್ದೇನು?" ಎಂದಳು ಕಣ್ಣಕ್ಕ ಆಟೋದಲ್ಲೇ, ಗಟ್ಟಿಯಾಗಿ.

"ನನ್ನನ್ನ" ಎಂದ ಗಂಡ. ಅವಳು ನಗಲಿಲ್ಲ.

ಒಂದು ವಾರ ರಜೆಯೆಂದು ಡಾಕ್ಟರು ಬರೆದುಕೊಟ್ಟಿದ್ದರು. ಮಾರನೆಯ ದಿನ ಬೆಳಿಗ್ಗೆ ಏಳಕ್ಕೇ, ಕಪ್ಪು ಕನ್ನಡಕ ಹಾಕಿಕೊಂಡು, ಗಂಡ ಹಲ್ಲುಜ್ಜುತ್ತಾ ಬಾಯಿ ತುಂಬಾ ನೊರೆ ಇಟ್ಟುಕೊಂಡು ಬೇಡಬೇಡವೆಂದು ಕೈಬೀಸುತ್ತಿರುವಾಗಲೇ ಅವಳು ಹೊರಟುಬಿಟ್ಟಳು. ಪಾಳಿ ಶುರುವಾಗಲು ಇನ್ನೂ ಎರಡೂವರೆ ಗಂಟೆಯಿತ್ತು. ಕೋಣೆಯ ಬೀಗ ತೆಗೆದು, ಕಿಟಕಿಯ ಪರದೆ ಸರಿಸಿ, ಎಡಗಣ್ಣಿಗೆ ಹತ್ತಿ ಇಟ್ಟು ಪಟ್ಟಿ ಅಂಟಿಸಿ, ಕಳೆದ ಮೂರು ವರ್ಷದ ಕೆಂಪು ತಗಡುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದಳು. ನಲವತ್ತಮೂರು. ಮೂಲ ತಗಡನ್ನು ಕಪ್ಪು ಬಟ್ಟೆಯಿಂದ ಬಿಚ್ಚಿ ಒಂದೊಂದರ ಪಕ್ಕಕ್ಕೂ ಹಿಡಿಯುತ್ತಾ ಹೋದಳು.

ಮೊದಲ ಒಂಬತ್ತು ಸರಿಯಾಗಿದ್ದವು. ಉಸಿರು ಹಗುರಾಯಿತು. ಹತ್ತನೆಯದರಲ್ಲಿ ಕೈ ನಿಂತಿತು. ಪಕ್ಕಪಕ್ಕದಲ್ಲಿಟ್ಟ ಎರಡು ಕೆಂಪುಗಳ ನಡುವೆ ಒಂದು ಗೆರೆ ಎದ್ದು ಕಾಣುತ್ತಿತ್ತು. ಈ ಕಡೆ ಕೆಂಪು, ಆ ಕಡೆ ನೀಲಿ ಬೆರೆತ ಕೆಂಪು. ಇದನ್ನು ತಾನೇ ಪಾಸು ಮಾಡಿದ್ದು! ಹಿಂದೆ ತಿರುಗಿಸಿದರೆ ತನ್ನದೇ ದುಂಡಗಿನ ಅಕ್ಷರ, ಯಾವ ಅನುಮಾನವೂ ಇಲ್ಲದ ಅಕ್ಷರ. ಮುಂದೆ ನೋಡಿದಂತೆ ಇನ್ನೊಂದು ಸಿಕ್ಕಿತು, ಮತ್ತೊಂದು ಸಿಕ್ಕಿತು. ಕೊನೆಗೆ ಎಣಿಸಿದಾಗ ತಪ್ಪಿದವು ಹನ್ನೊಂದು. ಹನ್ನೊಂದು ತೊಟ್ಟಿ ಬಣ್ಣ ಊರೆಲ್ಲ ಹರಡಿಹೋಗಿದೆ, ಗಾಡಿಗಳ ಮೇಲೆ, ದೋಣಿಗಳ ಮೇಲೆ, ಗೇಟುಗಳ ಮೇಲೆ. ಒಂದು ಬಾಗಿಲು ಒಂದು ಕೆಂಪು, ಪಕ್ಕದ್ದು ಇನ್ನೊಂದು ಕೆಂಪು ಆಗಿ ಜನ ಬೆರಳು ತೋರಿಸಿ ನಗುತ್ತಿರಬೇಕು. ಡಬ್ಬ ವಾಪಸ್ ಬರದೇ ಇದ್ದದ್ದು ಜನರ ದೊಡ್ಡತನವೇ ಹೊರತು ತನ್ನ ಕಣ್ಣಿನದಲ್ಲ ಎನ್ನಿಸಿತು.

ಆ ಹನ್ನೊಂದರಲ್ಲಿ ಒಂದು ತೊಟ್ಟಿಯ ಒಂದು ಡಬ್ಬ ಎಲ್ಲಿಗೆ ಹೋಗಿತ್ತೆಂದು ಅವಳಿಗೆ ಚೆನ್ನಾಗಿ ನೆನಪಿತ್ತು. ರಸ್ತೆಯ ಕೊನೆಯ ಅಗ್ನಿಶಾಮಕ ಠಾಣೆಗೆ. ಅಲ್ಲಿನ ಹಳೆಯ ಗಾಡಿ ಹಿಂದಿನ ವರ್ಷ ಗೋಡೆಗೆ ಗುದ್ದಿ, ಅದರ ಎರಡು ಬಾಗಿಲು ಮಾತ್ರ ಹೊಸದಾಗಿ ಬಳಿಸಿದ್ದರು. ಮೈ ಆರು ವರ್ಷ ಹಿಂದಿನದು, ಅವಳ ಕಣ್ಣು ಚೆನ್ನಾಗಿದ್ದಾಗ ಪಾಸಾದದ್ದು. ಬಾಗಿಲು ಈ ತಪ್ಪಿದ ತೊಟ್ಟಿಯದು. ನೋಡಲೇಬೇಕು. ತಗಡನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು, ಕದ್ದ ಮಾಲು ಸಾಗಿಸುವವಳಂತೆ, ಅವಳು ರಸ್ತೆಗಿಳಿದಳು.

ಗಾಡಿ ಠಾಣೆಯ ಮುಂದೆ ಎಳೆಬಿಸಿಲಿನಲ್ಲಿ ನಿಂತಿತ್ತು. ಈಗಷ್ಟೇ ತೊಳೆದಿದ್ದರು, ನೀರು ಇಳಿಯುತ್ತಿತ್ತು. ಕಣ್ಣಕ್ಕ ದೂರದಲ್ಲೇ ನಿಂತಳು. ಅಬ್ಬಾ, ಆ ಕೆಂಪು! ಇಷ್ಟು ವರ್ಷ ತಾನು ಪ್ರೀತಿಸಿದ್ದು ಇದರ ಅರ್ಧವನ್ನು ಮಾತ್ರ ಎಂದು ಅವಳಿಗೆ ಅನ್ನಿಸಿತು. ಬಿಸಿಲು ಅದರ ಮೇಲೆ ಬಿದ್ದು ಜಾರುತ್ತಿರಲಿಲ್ಲ, ಒಳಗೆ ಹೋಗಿ ಕೂರುತ್ತಿತ್ತು. ರಸ್ತೆಯಲ್ಲಿ ಬೇರೆ ಏನೇ ಇದ್ದರೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಆರು ವರ್ಷದ ಬಿಸಿಲು, ಮಳೆ, ಹೊಗೆ, ಬೆಂಕಿಯ ಝಳ ಎಲ್ಲ ಕುಡಿದ ಬಣ್ಣ ಅದು. ಅವಳು ಹತ್ತಿರ ಹೋಗಿ, ಬಾಗಿಲೂ ಮೈಯೂ ಸೇರುವಲ್ಲಿ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

ಗೆರೆಯೇ ಇರಲಿಲ್ಲ. ಬಾಗಿಲೂ ಮೈಯೂ ಒಂದೇ ಕೆಂಪು.

"ಏನಮ್ಮಾ, ಗಾಡಿಗೆ ಜ್ವರ ನೋಡ್ತಿದೀರಾ?" ಎಂದ ನೀರು ಹಿಡಿದಿದ್ದ ಅಗ್ನಿಶಾಮಕದವನು.

"ಈ ಬಾಗ್ಲು ಬಳಿದ ಮೇಲೆ ಯಾರಾದ್ರೂ ಮತ್ತೆ ಬಳಿದ್ರಾ?"

"ಯಾಕೆ ಬಳೀತಾರೆ? ಯಾವುದು ಹಳೇದು ಯಾವುದು ಹೊಸದು ಅಂತ ನಮಗೇ ಗೊತ್ತಾಗಲ್ಲ. ಬಳಿದವನೇ ಬಂದು ತೋರಿಸ್ಬೇಕು."

ಕಣ್ಣಕ್ಕ ಸೆರಗಿನಿಂದ ತಗಡು ತೆಗೆದು ಬಾಗಿಲಿಗೆ ಹಿಡಿದಳು. ತಗಡು ನೀಲಿಗೆ ವಾಲಿತ್ತು, ಬಾಗಿಲು ವಾಲಿರಲಿಲ್ಲ. ಒಂದೇ ತೊಟ್ಟಿ, ಒಂದೇ ದಿನ, ಎರಡು ಬಣ್ಣ! ಬಣ್ಣಕ್ಕೇನು ಬುದ್ಧಿ ಬಂದು ದಾರಿಯಲ್ಲಿ ತನ್ನನ್ನು ತಾನೇ ತಿದ್ದಿಕೊಂಡಿತೇ? ಅವಳು ಬಂದದ್ದಕ್ಕಿಂತ ಎರಡು ಪಟ್ಟು ಬಿರುಸಾಗಿ ವಾಪಸ್ ನಡೆದಳು.

ಪ್ರತಿ ತೊಟ್ಟಿಯ ಬಣ್ಣ ಡಬ್ಬಕ್ಕೆ ತುಂಬಿಸಿದ ಮೇಲೆ ಒಂದು ಡಬ್ಬವನ್ನು ಗೋದಾಮಿನಲ್ಲಿ ಎತ್ತಿಡುವುದು ಕಾರ್ಖಾನೆಯ ರೂಢಿ. ಅವಳು ಹನ್ನೊಂದು ಡಬ್ಬವನ್ನೂ ಇಳಿಸಿ, ಮುಚ್ಚಳ ಮೀಟಿ, ಚೆನ್ನಾಗಿ ಕಲಕಿ, ಒಂದೊಂದರಿಂದಲೂ ಹೊಸ ತಗಡು ಎಳೆದು ಫ್ಯಾನಿನ ಕೆಳಗಿಟ್ಟಳು. ಬೇಗ ಒಣಗುವ ಬಣ್ಣ. ಆದರೂ ಆ ಒಂದು ಗಂಟೆ ಒಂದು ದಿನದಂತೆ ಕಳೆಯಿತು. ಒಣಗಿದ ಮೇಲೆ ಮೂಲ ತಗಡಿನ ಪಕ್ಕ ಹಿಡಿದಳು. ಹನ್ನೊಂದಕ್ಕೆ ಹನ್ನೊಂದೂ ಸರಿ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅಂದರೆ ತಾನು "ತುಂಬಿ" ಎಂದ ಮೇಲೆ, ಡಬ್ಬಕ್ಕೆ ಬೀಳುವ ಮುಂಚೆ, ಯಾರೋ ತೊಟ್ಟಿಗೆ ಕೈ ಹಾಕಿದ್ದಾರೆ.

ಆ ಹೊತ್ತಿಗೆ ಸರಿಯಾಗಿ ಮಿಲ್ಲಿನ ಮೇಸ್ತ್ರಿ ಶಿಳ್ಳೆ ಹಾಕುತ್ತಾ ಒಳಗೆ ಬಂದ. ಕಿವಿಯ ಹಿಂದೆ ಕೆಂಪಿದ್ದ ದಪ್ಪ ಮನುಷ್ಯ. ಹನ್ನೊಂದು ತೆರೆದ ಡಬ್ಬ ಕಂಡದ್ದೇ ಶಿಳ್ಳೆ ಅರ್ಧಕ್ಕೆ ನಿಂತಿತು. ಬಂದ ಕಾಲಲ್ಲೇ ತಿರುಗಿದ.

"ನಿಂತ್ಕೊಳ್ರೀ!"

"ನಾನೇನೂ ಹೇಳಿಲ್ಲ ಅಕ್ಕಾವ್ರೇ" ಎಂದ ಮೇಸ್ತ್ರಿ, ಗೋಡೆಯ ಕಡೆ ನೋಡುತ್ತಾ.

"ನಾನಿನ್ನೂ ಏನೂ ಕೇಳೇ ಇಲ್ವಲ್ಲ!"

ಮೇಸ್ತ್ರಿ ನಾಲಿಗೆ ಕಚ್ಚಿಕೊಂಡ. ಅವನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು ಇಡೀ ಕಾರ್ಖಾನೆಗೆ ಗೊತ್ತಿತ್ತು; ಇದೊಂದು ಎರಡು ವರ್ಷ ನಿಂತದ್ದೇ ಹೆಚ್ಚು. "ಮೆಲ್ಲಮ್ಮನ್ನ ಏನೂ ಅನ್ಬೇಡಿ" ಎಂದ. ಅಷ್ಟು ಸಾಕಾಯಿತು.

ಮೆಲ್ಲಮ್ಮ ಎಂದರೆ ಕಣ್ಣಕ್ಕನ ಕೈಕೆಳಗೆ ಎಂಟು ವರ್ಷದಿಂದ ಕೆಲಸ ಕಲಿತವಳು. ಮೂವತ್ತೈದು ದಾಟಿದ ಹೆಂಗಸು, ಇಬ್ಬರು ಮಕ್ಕಳ ತಾಯಿ. ಮೆಲ್ಲಗೆ ನಡೆಯುತ್ತಾಳೆ, ಮೆಲ್ಲಗೆ ಮಾತಾಡುತ್ತಾಳೆ, ಡಬ್ಬದ ಮುಚ್ಚಳವನ್ನೂ ನಿದ್ದೆ ಮಾಡುವ ಮಗುವಿನ ಹೊದಿಕೆ ಸರಿಸುವಂತೆ ತೆಗೆಯುತ್ತಾಳೆ ಎಂದು ಆ ಹೆಸರಿಟ್ಟವಳು ಕಣ್ಣಕ್ಕನೇ. "ಇವಳ ಬಾಯಲ್ಲಿ ಮಾತು ಕೇಳ್ಬೇಕಾದ್ರೆ ಬಾಯಿಗೇ ಕಿವಿ ಇಡ್ಬೇಕು" ಎಂದು ಎಲ್ಲರೆದುರು ಆಡಿಕೊಳ್ಳುವುದೂ ಇತ್ತು. ಅವಳು ಬಾಗಿಲಲ್ಲಿ ಕಾಣಿಸಿಕೊಂಡಾಗ ಕಣ್ಣಕ್ಕನ ಮೈಯೆಲ್ಲ ಉರಿಯುತ್ತಿತ್ತು.

"ಬಾರೇ ಮಹಾತಾಯಿ. ಎಷ್ಟು ದಿನದಿಂದ ನಡೀತಿದೆ ಇದು, ನನ್ನ ಬೆನ್ನ ಹಿಂದೆ?"

ಮೆಲ್ಲಮ್ಮ ಡಬ್ಬಗಳನ್ನು ನೋಡಿದಳು, ತಗಡುಗಳನ್ನು ನೋಡಿದಳು. ತಪ್ಪಿಸಿಕೊಳ್ಳುವ ಮಾತೇ ಆಡಲಿಲ್ಲ. "ಎರಡು ವರ್ಷ ಮೂರು ತಿಂಗಳಾಯ್ತು ಅಕ್ಕಾ."

"ಏನು ಹಾಕ್ತಿದ್ದೆ?"

"ಕಿತ್ತಳೆ ಕಡೆಗೆ ವಾಲೋ ಇನ್ನೊಂದು ಕೆಂಪಿದೆಯಲ್ಲ, ಅದನ್ನ ಅರೆದಿಟ್ಟಿದ್ದು. ಒಂದೊಂದು ಸಲ ಎರಡು ಸೌಟು, ಒಂದೊಂದು ಸಲ ಅರ್ಧ. ಬಣ್ಣ ಸೋಸೋಕೆ ಒಂದು ಗಂಟೆ ಹಿಡಿಯುತ್ತೆ ನೋಡಿ, ಅಷ್ಟರಲ್ಲಿ. ಅಂಗಳದ ಬಾಗಿಲಲ್ಲಿ ಬೆಳಕಿಗೆ ಹಿಡಿದು ನೋಡ್ಕೊಂಡು ಹಾಕ್ತಿದ್ದೆ."

"ನನಗೆ ಹೇಳೋಕೆ ಬಾಯಿರಲಿಲ್ವೇನೇ ನಿಂಗೆ? ನಾನೇನು ನಿನ್ನ ನುಂಗ್ತಿದ್ನಾ?"

"ಹೇಳಿದ್ದೆ ಅಕ್ಕಾ. ಒಂದೇ ಸಲ." ಮೆಲ್ಲಮ್ಮನ ದನಿ ಇನ್ನೂ ಇಳಿಯಿತು. "ಸಾಲಿನಲ್ಲಿ ಹತ್ತನೇದಿದೆಯಲ್ಲ, ಇದೇ ತಗಡು. ಒಂದೆಳೆ ನೀಲಿ ಇದೆ ಅನ್ಸುತ್ತೆ ಅಂದೆ. ನೀವು ಎಲ್ಲರ ಮುಂದೆ, 'ನಿನ್ನ ಕಣ್ಣಿಗೆ ಪೊರೆ ಬಂದಿದೆಯೇನೇ' ಅಂದ್ರಿ. ಎಲ್ಲಾರೂ ನಕ್ರು."

ಕಣ್ಣಕ್ಕನಿಗೆ ಆ ಮಾತು ನೆನಪಿರಲಿಲ್ಲ. ಅದು ಇನ್ನೂ ಕೆಟ್ಟದ್ದೆನಿಸಿತು. ದಿನಕ್ಕೆ ಹತ್ತು ಸಲ ಅಂಥ ಮಾತು ಆಡಿ ಮರೆಯುವ ಬಾಯಿ ಅವಳದು, ಆಡಿಸಿಕೊಂಡವರಿಗೆ ಮಾತ್ರ ದಿನ, ತಗಡು, ಎಲ್ಲ ನೆನಪಿದೆ.

"ಅವತ್ತು ಮನಸ್ಸು ತಡೀಲಿಲ್ಲ, ಸೌಟು ಹಾಕಿಬಿಟ್ಟೆ. ಆಮೇಲೆ ನನ್ನ ಕಣ್ಣೇ ಸರಿಯಿಲ್ವೇನೋ ಅನ್ನಿಸ್ತು" ಎಂದಳು ಮೆಲ್ಲಮ್ಮ. "ಡಾಕ್ಟರ ಹತ್ರ ಹೋಗಿ ತೋರಿಸ್ದೆ. ಅವ್ರು ಎಲ್ಲಾ ಪರೀಕ್ಷೆ ಮಾಡಿ, ಇಂಥ ಕಣ್ಣು ನಾನು ನೋಡೇ ಇಲ್ಲ, ಏನೂ ಆಗಿಲ್ಲ ಹೋಗಮ್ಮ ಅಂದ್ರು. ಆವಾಗ ಹೆದರಿಕೆ ಆಯ್ತು. ನನ್ನ ಕಣ್ಣು ಸರಿ ಇದ್ರೆ..." ಅವಳು ತಗಡುಗಳ ಸಾಲು ನೋಡಿದಳು. "ಭಾವನವರಿಗೆ ಹೇಳಿದ್ದೂ ನಾನೇ. ಅಕ್ಕನ್ನ ಅದೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ ಅಂತ. ಅವ್ರು ನಿಮ್ಮನ್ನ ಒಪ್ಪಿಸೋಕೆ ಒಂದು ವರ್ಷ ಹಿಡೀತು."

ಹೌದು, ಗಂಡ ಒಂದು ವರ್ಷ ಬೆನ್ನು ಬಿದ್ದಿದ್ದ. ಮೆರೂನ್ ದಾರ ತರಲು ಕಳಿಸಿದರೆ ನೇರಳೆ ದಾರ ತಂದೆಯಲ್ಲೇ, ಕಣ್ಣು ತೋರಿಸೇ ಎಂದಿದ್ದ. ಅಂಗಡಿಯವನಿಗೆ ಬುದ್ಧಿಯಿಲ್ಲ ಎಂದು ಅವಳು ಬೈದಿದ್ದಳು. ಗಂಡನಿಗೆ ಗೊತ್ತಿತ್ತು, ಮೇಸ್ತ್ರಿಗೆ ಗೊತ್ತಿತ್ತು, ಇವಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದವಳು ಕಣ್ಣಕ್ಕ ಒಬ್ಬಳೇ. ನಾಚಿಕೆಯಿಂದ ಕಿವಿ ಬಿಸಿಯಾಯಿತು, ಆ ಬಿಸಿಯಲ್ಲೇ ಮತ್ತೆ ಸಿಡುಕಿದಳು.

"ಒಂದು ಕೆಂಪಿನ ದಿನ ನೀನು ರಜಾ ಹಾಕಿದ್ರೆ ಏನಾಗ್ತಿತ್ತು? ಯೋಚ್ನೆ ಮಾಡಿದ್ದೀಯಾ?"

"ಹಾಕಿಲ್ಲ ಅಕ್ಕಾ."

"ಜ್ವರ ಬಂದಾಗ?"

"ಬಂದಿದ್ದೆ."

"ನಿನ್ನ ತಂಗಿ ಮದುವೆ ದಿನ..." ಎಂದು ಶುರುಮಾಡಿದ ಕಣ್ಣಕ್ಕ ಅಲ್ಲೇ ನಿಂತಳು. ತಂಗಿಯ ಮದುವೆಯ ದಿನ ಬೆಳಿಗ್ಗೆ ಮೆಲ್ಲಮ್ಮ ರೇಷ್ಮೆ ಸೀರೆಯ ಮೇಲೆ ಕೆಲಸದ ಕೋಟು ಹಾಕಿಕೊಂಡು ಕಾರ್ಖಾನೆಗೆ ಬಂದದ್ದು ಈಗ ನೆನಪಾಯಿತು. ಆವತ್ತು ತೊಟ್ಟಿಯಲ್ಲಿ ಕೆಂಪಿತ್ತು. ಮದುವೆ ಮನೆಯಲ್ಲಿ ಕೆಲಸ ತಪ್ಪಿಸಿಕೊಳ್ಳಲು ಬಂದಿದ್ದೀಯ ಎಂದು ತಾನೇ ಹಂಗಿಸಿದ್ದಳು. ಅವಳು ಬಣ್ಣ ಸೋಸುವ ಆ ಒಂದು ಗಂಟೆ ಇದ್ದು ಹೋಗಿದ್ದಳು.

ಏನಾದರೂ ಮಾಡಬೇಕಲ್ಲ ಎಂದು ಕಣ್ಣಕ್ಕ ತಗಡುಗಳನ್ನೇ ಮತ್ತೆ ಕೈಗೆತ್ತಿಕೊಂಡಳು. ಆ ಹತ್ತನೆಯ ತಗಡಿನ ತೊಟ್ಟಿಯ ಡಬ್ಬದಿಂದ ಎಳೆದ ಹೊಸ ತಗಡನ್ನು ಹೊಸ ಕಣ್ಣಿನಿಂದ, ಸಿಟ್ಟಿಲ್ಲದೆ, ಕೆಲಸದವಳಾಗಿ ನೋಡಿದಳು. ಅರ್ಧ ಸೌಟು ಹೆಚ್ಚಾಗಿದ್ದರೆ ಕಿತ್ತಳೆಗೆ ಹೋಗುತ್ತಿತ್ತು. ಅರ್ಧ ಸೌಟು ಕಡಿಮೆಯಾಗಿದ್ದರೆ ನೀಲಿ ಉಳಿಯುತ್ತಿತ್ತು. ಉತ್ತರದ ಕಿಟಕಿಯಿಲ್ಲ, ಬೂದು ಗೋಡೆಯಿಲ್ಲ, ಸ್ಟೂಲಿಲ್ಲ, ಅಂಗಳದ ಬಾಗಿಲಲ್ಲಿ ಗಡಿಬಿಡಿಯಲ್ಲಿ ನಿಂತು, ಯಾರಾದರೂ ಬಂದಾರೆಂದು ಅತ್ತಿತ್ತ ನೋಡುತ್ತಾ ಮಾಡಿದ ಕೆಲಸ. ಹನ್ನೊಂದಕ್ಕೆ ಹನ್ನೊಂದು ಸಲ ಸರಿ. ತನ್ನ ಮೂವತ್ತೈದರಲ್ಲಿ ತನಗಿದು ಆಗುತ್ತಿತ್ತೇ? ಕಣ್ಣಕ್ಕ ಸುಳ್ಳು ಹೇಳಿಕೊಳ್ಳುವವಳಲ್ಲ. ಆಗುತ್ತಿರಲಿಲ್ಲ. ಒಂಬತ್ತು ಆಗುತ್ತಿತ್ತೇನೋ. ಹೊಟ್ಟೆಕಿಚ್ಚು ಒಂದು ಕ್ಷಣ ಚುರ್ರೆಂದು, ಆಮೇಲೆ ಅದರ ಜಾಗದಲ್ಲಿ ಬೇರೇನೋ ತುಂಬಿಕೊಂಡಿತು. ಆ ಕೆಂಪಿನ ಬಗ್ಗೆ ಮಾತ್ರ ಅವಳಿಗೆ ಇದುವರೆಗೆ ಹಾಗೆ ಅನ್ನಿಸಿದ್ದು. ಮನುಷ್ಯರ ಬಗ್ಗೆ ಅನ್ನಿಸಿರಲಿಲ್ಲ.

"ಎಲ್ಲಿಂದ ಕಲಿತೆ ಇಷ್ಟನ್ನ?" ಎಂದಳು.

"ಎಲ್ಲಿಂದ ಅಂದ್ರೆ? ನಿಮ್ಮಿಂದಾನೇ" ಎಂದಳು ಮೆಲ್ಲಮ್ಮ, ಇದೆಂಥ ಪ್ರಶ್ನೆ ಎನ್ನುವಂತೆ. "ನೀವು ಕಲಿಸಿದ ಕಣ್ಣನ್ನ ನಿಮ್ಮ ಮೇಲೇ ತಿರುಗಿಸೋಕೆ ಮನಸ್ಸು ಬರ್ಲಿಲ್ಲ."

ಮಿಲ್ಲಿನ ಕಡೆಯಿಂದ ಗಂಟೆ ಕೇಳಿಸಿತು. ಅವತ್ತಿನ ತೊಟ್ಟಿ ಸಿದ್ಧವಾಗಿತ್ತು, ಕೆಂಪೇ. ಮೇಸ್ತ್ರಿ ಲೋಟ ಹಿಡಿದು ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂದು ಇಬ್ಬರ ಮುಖವನ್ನೂ ನೋಡುತ್ತಿದ್ದ. ಕಣ್ಣಕ್ಕ ಅವನ ಕೈಯಿಂದ ಲೋಟ ಕಿತ್ತುಕೊಂಡು ತಗಡು ಎಳೆದಳು. ಅದನ್ನು ಫ್ಯಾನಿನ ಕೆಳಗಿಟ್ಟಳು. ಒಣಗಿದ ಮೇಲೆ ಅದನ್ನೂ, ಮೂಲ ತಗಡನ್ನೂ, ಆ ಹನ್ನೊಂದು ತಪ್ಪಿದ ತಗಡುಗಳನ್ನೂ ಒಂದು ತಟ್ಟೆಯಲ್ಲಿ ಹೊತ್ತು, "ಬನ್ನಿ ಇಬ್ಬರೂ" ಎಂದು ಮಿಲ್ಲಿಗೆ ಹೊರಟಳು.

ಮಿಲ್ಲಿನಲ್ಲಿ ಹದಿನೈದು ಜನ ಟೀ ಕುಡಿಯುತ್ತಿದ್ದರು. ರಜೆಯಲ್ಲಿರುವ ಅಕ್ಕ, ಕಣ್ಣಿಗೆ ಪಟ್ಟಿ ಅಂಟಿಸಿಕೊಂಡು, ತಟ್ಟೆ ಹೊತ್ತು ಬಂದದ್ದು ಕಂಡು ಎಲ್ಲ ಎದ್ದು ನಿಂತರು. ಮ್ಯಾನೇಜರೂ ಸದ್ದಿಗೆ ಹೊರಗೆ ಬಂದರು.

"ನೋಡ್ರೀ ಎಲ್ಲಾ" ಎಂದಳು ಕಣ್ಣಕ್ಕ. "ಇವು ಹನ್ನೊಂದು ನಾನು ಪಾಸ್ ಮಾಡಿದ್ದು. ಹನ್ನೊಂದೂ ತಪ್ಪು. ನನ್ನ ಕಣ್ಣಲ್ಲಿ ಪೊರೆ ಇತ್ತು, ತಲೇಲಿ ಜಂಬ ಇತ್ತು. ಎರಡು ವರ್ಷದಿಂದ ಇಲ್ಲಿಂದ ಒಂದು ಡಬ್ಬ ವಾಪಸ್ ಬರದೇ ಇರೋದಕ್ಕೆ ಕಾರಣ ಈ ಮೆಲ್ಲಮ್ಮ. ನಾನಲ್ಲ."

ಮೆಲ್ಲಮ್ಮ ಮೇಸ್ತ್ರಿಯ ಬೆನ್ನ ಹಿಂದೆ ಮರೆಯಾಗಲು ನೋಡಿದಳು. ಇಷ್ಟು ಹೇಳುವುದು ಕಣ್ಣಕ್ಕನಿಗೆ ಕಷ್ಟವಾಗುತ್ತದೆಂದು ಯಾರಾದರೂ ಅಂದುಕೊಂಡಿದ್ದರೆ, ಅಂದುಕೊಂಡದ್ದಕ್ಕಿಂತ ಹೆಚ್ಚು ಕಷ್ಟವಾಗಿತ್ತು. ಅವಳು ತಟ್ಟೆಯನ್ನು ಪೀಪಾಯಿಯ ಮೇಲೆ ಇಳಿಸಿ, ಅವತ್ತಿನ ತಗಡನ್ನು ಮೂಲ ತಗಡಿನ ಪಕ್ಕ ಹಿಡಿದು ಬೆಳಕಿಗೆ ತಿರುಗಿದಳು. ಅವಳ ಹೊಸ ಕಣ್ಣಿಗೆ ಚೆನ್ನಾಗಿ ಕಂಡಿತು. ಒಂದೆಳೆ ನೀಲಿ, ಹೆಚ್ಚಿಲ್ಲ, ಆದರೆ ಇದೆ.

"ಸರಿಯಾಗಿದೆ" ಎಂದಳು ಗಟ್ಟಿಯಾಗಿ. "ಹೂಂ, ತುಂಬಿ."

ಮೇಸ್ತ್ರಿ ಮೆಲ್ಲಮ್ಮನ ಕಡೆ ನೋಡಿದ. ಮೆಲ್ಲಮ್ಮ ತಗಡಿನ ಕಡೆ ನೋಡಿ, ಕಣ್ಣಕ್ಕನ ಮುಖ ನೋಡಿ, ನೆಲ ನೋಡಿದಳು. ಮೇಸ್ತ್ರಿ ಒಲ್ಲದ ಕೈಯಿಂದ ತೊಟ್ಟಿಯ ನಲ್ಲಿ ತಿರುಗಿಸಲು ಬಗ್ಗಿದ. ಕಣ್ಣಕ್ಕ ಕಾಯುತ್ತಿದ್ದಳು. ಇವಳೀಗ ಬಾಯಿ ಬಿಡದಿದ್ದರೆ, ತಾನು ಹೋದ ಮೇಲೂ ಸೋಸುವ ಗಂಟೆಯಲ್ಲಿ ಕದ್ದು ಸೌಟು ಹಿಡಿಯುವವಳಾಗಿಯೇ ಉಳಿಯುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ಹೇಳೇ, ಹೇಳಿಬಿಡೇ, ಎಂದು ಮನಸ್ಸಿನಲ್ಲೇ ಗೋಗರೆದಳು.

"ಅಕ್ಕಾ" ಎಂದಳು ಮೆಲ್ಲಮ್ಮ. "ನೀಲಿ ಇದೆ."

"ಕೇಳಿಸ್ಲಿಲ್ಲ."

"ನೀಲಿ ಇದೆ ಅಕ್ಕಾ."

"ಗೇಟಿನ ಹತ್ರ ಇರೋ ಕಾವಲುಗಾರನಿಗೂ ಕೇಳಿಸ್ಬೇಕು. ಏನಂದೆ?"

"ಸರಿಯಿಲ್ಲ! ಒಂದೆಳೆ ನೀಲಿ ಇದೆ! ತುಂಬಬೇಡಿ!" ಎಂದು ಮೆಲ್ಲಮ್ಮ ಕೂಗಿದಳು. ಅವಳ ದನಿ ಅಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. ತಾನೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಎಷ್ಟು ಹಾಕ್ಬೇಕು?" ಎಂದು ಕೇಳಿದಳು ಕಣ್ಣಕ್ಕ. ಕಣ್ಣಲ್ಲಿ ನೀರು ಬರಬಾರದೆಂದು ಡಾಕ್ಟರು ಹೇಳಿದ್ದು ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ.

"ಒಂದೂವರೆ ಸೌಟು."

ಕಣ್ಣಕ್ಕ ಮೇಸ್ತ್ರಿಯ ಕಡೆ ತಿರುಗಿದಳು. "ಕೇಳಿಸ್ತಲ್ಲ? ಒಂದೂವರೆ. ಅವಳು ತುಂಬಿ ಅನ್ನೋವರೆಗೂ ಯಾರೂ ಡಬ್ಬ ಮುಟ್ಬೇಡಿ."